ಹದಿಮೂರರೊಳಗೆ ಕೆಂಪು

ಆ ಸಾಲಿನ ಕೊನೆಯಿಂದ ಶುರು ಮಾಡು, ಥುಯೆನ್.
ಕಡ್ಡಿ ಎಡಗೈಲಿ. ಬಲಗೈ ಹೆಬ್ಬೆರಳು
ಎಲೆತೊಟ್ಟಿನ ಬುಡಕ್ಕೆ.
ಕೆಳಕ್ಕೆ ಒತ್ತು, ಜಗ್ಗಬೇಡ.
ಜಗ್ಗಿದರೆ ಸಿಪ್ಪೆ ಸುಲಿದು ಬರುತ್ತೆ, ಜೊತೆಗೊಂದು ಕಾಯಿ.
ಕಾಯಿ ಉದುರಿದ ಕಡ್ಡಿಗೆ ನಮ್ಮ ಕಡೆ
ಹಲ್ಲುಬಿದ್ದದ್ದು ಅಂತಾರೆ;
ಹರಾಜಿನಲ್ಲಿ ಅರ್ಧ ಬೆಲೆ.
ನನ್ನ ಬಾಯಿ ನೋಡಿ ನಗಬೇಡ.

ಹೋಜುಕಿಯ ಹೂವನ್ನು ಯಾರೂ ಕೊಳ್ಳಲ್ಲ.
ಬೆಳ್ಳಗೆ, ತಲೆ ತಗ್ಗಿಸಿ, ಎಲೆ ಮರೆಯಲ್ಲಿ
ಬಂದು ಹೋಗುತ್ತೆ,
ಸಾಲ ಕೇಳೋಕೆ ಬಂದು
ಬಾಗಿಲಲ್ಲೇ ತಿರುಗಿದವರ ಹಾಗೆ.
ಜೇನುಹುಳ ಕಂಡುಹಿಡಿದರೆ ನಮ್ಮ ಪುಣ್ಯ.
ಆಮೇಲೆ ಹೂವಿನ ಬಟ್ಟಲು ಉಬ್ಬುತ್ತೆ:
ಹಸಿರು ಕಂದೀಲು, ಐದು ಮೂಲೆ,
ಒಳಗೆ ಗೋಲಿಯಷ್ಟು ಹಣ್ಣು, ಮಿಕ್ಕಿದ್ದೆಲ್ಲ ಗಾಳಿ.
ಗಾಳಿಯನ್ನೇ ಡಜನ್ ಲೆಕ್ಕದಲ್ಲಿ ಮಾರಿ
ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ ನಾನು.

ತಾನಾಗಿ ಕೆಂಪಾಗಲಿ ಅಂತ ಬಿಟ್ಟರೆ
ಬುಡದ್ದು ಮೊದಲು, ತುದಿಯದು ಸೆಪ್ಟೆಂಬರಿಗೆ.
ಸತ್ತವರು ಅಷ್ಟು ದಿನ ಕಾಯಲ್ಲ.
ಆಗಸ್ಟ್ ಹದಿಮೂರರ ಸಂಜೆ ಅವರು ಹೊರಟುಬಿಡುತ್ತಾರೆ.
ಅಷ್ಟೊತ್ತಿಗೆ ಮನೆಮನೆಯ ಪೀಠದ ಮೇಲೆ
ದಾರಿ ತೋರಿಸೋಕೆ ಇದು ಉರಿಯುತ್ತಿರಬೇಕು.
ಅದಕ್ಕೇ ಜುಲೈಯಲ್ಲಿ ಬಣ್ಣದ ಔಷಧಿ,
ನಸುಕಿನಲ್ಲಿ, ಗಾಳಿ ಏಳುವ ಮುಂಚೆ.
ಹತ್ತು ದಿನ ಕಳೆಯಲಿ,
ಬುಡದಿಂದ ತುದಿವರೆಗೆ ಒಂದೇ ಕೆಂಪು.
ಮೋಸ ಅಂತೀಯಾ? ಇರಬಹುದು.
ಸತ್ತವರು ಯಾರೂ ಇದುವರೆಗೆ
ಮಾಲು ವಾಪಸು ಕಳಿಸಿಲ್ಲ.

ನಿಜಕ್ಕೂ ಬರ್ತಾರಾ ಅಂತ ಕೇಳಿದೆ ನಿನ್ನೆ,
ಅರ್ಧ ನಮ್ಮ ಮಾತಲ್ಲಿ, ಅರ್ಧ ಕೈಸನ್ನೆಯಲ್ಲಿ.
ನನಗೇನು ಗೊತ್ತು.
ಕಾನೆತ್ಸುಗು ಬದುಕಿದ್ದಾಗಲೇ
ಹೇಳಿದ ಹೊತ್ತಿಗೆ ಮನೆ ಸೇರಿದವನಲ್ಲ.

ಚಳಿಗಾಲದವರೆಗೆ ಇರ್ತೀಯಲ್ಲ, ಆಗ ಬೇರು ಅಗೆಯೋದು.
ಬಿಳಿ ಹಗ್ಗದ ಹಾಗೆ, ಗೆಣ್ಣಿಗೊಂದು ಮೊಳಕೆ.
ಗೇಣುದ್ದ ಕತ್ತರಿಸಿ, ಮಲಗಿಸಿ, ಮೇಲೆ ನಾಲ್ಕು ಬೆರಳು ಮಣ್ಣು.
ನಂಬಬೇಡ ಅದನ್ನ.
ಮೇಲೆ ಸತ್ತ ಹಾಗೆ ನಟಿಸಿ
ಕೆಳಗೆ ರಸ್ತೆ ದಾಟಿ ಹೋಗಿರುತ್ತೆ.
ಒಂದು ವರ್ಷ ಮುಕೈ ಮುದುಕನ
ಈರುಳ್ಳಿ ಮಡಿಯಲ್ಲಿ ತಲೆಯೆತ್ತಿತು;
ಆತ ಎಲ್ಲವನ್ನೂ ಕಿತ್ತು, ಮಣ್ಣು ತೊಳೆದು,
ಪೆಟ್ಟಿಗೆಯಲ್ಲಿಟ್ಟು, ನಮ್ಮ ಹೊಸ್ತಿಲಲ್ಲಿ ಇಟ್ಟುಹೋದ.
ಒಂದು ಮಾತಿಲ್ಲ.
ಮಾತಾಡಿದ್ದರೆ ಒಳ್ಳೆದಿತ್ತು.

ಬೇರು ಮುಟ್ಟಿದ ಕೈಯಲ್ಲಿ ಊಟ ಮಾಡಬೇಡ.
ಹಿಂದೆ ಇದಕ್ಕೆ ಇನ್ನೊಂದು ಕೆಲಸವಿತ್ತು.
ನಮ್ಮಜ್ಜಿ ಎರಡು ಸಲ ಕುದಿಸಿ ಕುಡಿದಳು.
ಮನೆಯಲ್ಲಿ ಏಳು ಮಕ್ಕಳು, ಅಕ್ಕಿ ಐದು ಜನಕ್ಕೆ.
ಹೆಂಗಸರು ಅದನ್ನ ನೋವು ಅನ್ನುತ್ತಿರಲಿಲ್ಲ,
ತಿಂಗಳು ತಪ್ಪಿತ್ತು, ಸರಿಹೋಯಿತು
ಅನ್ನುತ್ತಿದ್ದರು.

ಪೀಠಕ್ಕೆ ಒಳ್ಳೆ ಕಡ್ಡಿ, ತುಂಬಿದ ಕಡ್ಡಿ.
ಹಲ್ಲುಬಿದ್ದದ್ದು ಎರಡು ತೆಗೆದುಕೊಂಡು ಅಜ್ಜಿ
ಹಿತ್ತಿಲ ಬಾಗಿಲಿಗೆ ಕಟ್ಟುತ್ತಿದ್ದಳು,
ಮಗುವಿನ ಕೈಗೆಟಕುವಷ್ಟು ಕೆಳಗೆ.
ಸೊಳ್ಳೆಗೆ ಅಂದುಕೊಂಡಿದ್ದೆವು ನಾವು.
ಮನೆಗೆ ಒಂದು ಸಲವೂ ಬಾರದವರಿಗೆ
ಮುಂಬಾಗಿಲು ಯಾವ ಕಡೆ ಅಂತ
ಹೇಗೆ ಗೊತ್ತಾಗಬೇಕು?

ಹಾಗೆ ನಿಲ್ಲಬೇಡ, ಬಿಸಿಲು ಏರುತ್ತಿದೆ.
ಎಪ್ಪತ್ತು ಕಟ್ಟು ಆಗಬೇಕು ಲಾರಿ ಬರೋದರೊಳಗೆ.
ಅದೋ, ಮುರಿದೆಯಲ್ಲ!
ಇರಲಿ. ಬಿಸಾಡಬೇಡ.
ಇಂಥವು ಬೇಕಾಗುತ್ತವೆ,
ಆ ನೀಲಿ ಬಕೆಟ್ಟಿನಲ್ಲಿ ನೆರಳಿಗಿಡು.
ಇನ್ನೂ ಒಂದು ಮುರಿದರೂ
ಈವತ್ತು ಬೈಯಲ್ಲ.